ಗೌಡರ ಕನಸು, ಅಳಿಯನ ಬಂದೂಕು

ತಾಲ್ಲೂಕು ಕಚೇರಿಯಲ್ಲಿ ಬಂದೂಕಿನ ಲೈಸೆನ್ಸು ನೋಡಿಕೊಳ್ಳುವ ಗುಮಾಸ್ತರೊಬ್ಬರಿದ್ದರು. ಊಟವಾದ ಮೇಲೆ ಅವರಿಗೆ ಕಣ್ಣು ಎಳೆಯುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಪಟೇಲ ಚಿಕ್ಕಲಿಂಗೇಗೌಡರು ಬಂದು ಮೇಜು ಗುದ್ದಿದರು.

“ತೀರಿಹೋದ ನಮ್ಮಪ್ಪ ಕನಸಲ್ಲಿ ಬಂದಿದ್ರು. ನಿನ್ನ ಬಂದೂಕನ್ನ ಅಳಿಯನಿಗೆ ಕೊಡು ಅಂದ್ರು. ಇವತ್ತೇ ಅವನ ಹೆಸರಿಗೆ ಬರಿ. ಇಲ್ಲಾಂದ್ರೆ ನಿನ್ನ ವರ್ಗ ಮಾಡಿಸ್ತೀನಿ!”

“ಅಳಿಯಂದಿರಿಗೆ ಲೈಸೆನ್ಸ್ ಇದೆಯಾ ಗೌಡ್ರೇ?”

“ನಮ್ಮಪ್ಪನ ಮಾತಿಗಿಂತ ಲೈಸೆನ್ಸು ದೊಡ್ಡದೇನಯ್ಯಾ?”

“ಹಾಗಾದ್ರೆ ಅವರನ್ನೇ ಕೇಳೋಣ” ಎಂದು ಗುಮಾಸ್ತರು ಕೂತಲ್ಲೇ ಕಣ್ಣು ಮುಚ್ಚಿದರು. ಫ್ಯಾನು ಮೆಲ್ಲಗೆ ತಿರುಗಿತು. ಕಿಟಕಿಯ ಬಿಸಿಲು ಕಡತಗಳ ಮೇಲೆ ಜಾರಿತು. ಸಣ್ಣ ಗೊರಕೆಯೂ ಬಂತು. ಆಮೇಲೆ ಕಣ್ಣು ಬಿಟ್ಟು ಹೇಳಿದರು:

“ಸಿಕ್ಕಿದ್ರು. ಲೈಸೆನ್ಸ್ ಇಲ್ಲದವನಿಗೆ ಬಂದೂಕು ಕೊಟ್ರೆ ಕೊಟ್ಟವನೂ ಜೈಲಿಗೆ, ತಗೊಂಡವನೂ ಜೈಲಿಗೆ. ಅದನ್ನ ಮಗನಿಗೆ ಹೇಳೋದು ಮರೆತೆ ಅಂದ್ರು.”

“ಸುಳ್ಳು!”

“ನೀವೇ ಕೇಳಿ. ಬೆಂಚು ಖಾಲಿ ಇದೆ.”

ಗೌಡರು ಹಟಕ್ಕೆ ಬಿದ್ದು ಬೆಂಚಿನ ಮೇಲೆ ಮಲಗಿದರು. ತಣ್ಣನೆ ಗಾಳಿ ಬೀಸುತ್ತಿತ್ತು. ನಿದ್ದೆ ಬಂದೇಬಿಟ್ಟಿತು.

ಐದು ಗಂಟೆಗೆ ಎದ್ದವರು ಮೆತ್ತಗೆ ಕೇಳಿದರು: “ಅಳಿಯನಿಗೆ ಒಂದು ಲೈಸೆನ್ಸ್ ಅರ್ಜಿ ಕೊಡಿ ಸ್ವಾಮೀ.”

“ಅಪ್ಪಾವ್ರು ಏನಂದ್ರು?”

ಗೌಡರು ಎಡಗೆನ್ನೆ ಸವರಿಕೊಂಡರು.