ಬೆರಕೆ ಹೆಂಡದ ಬಾನಿ

ಮಕ್ಕಳೂ ಬಂದು ಕೂತಿದ್ದೀರಿ, ಇರಲಿ. ನಾನು ಹೆಂಡ ಅಂದ ಕಡೆಯೆಲ್ಲ ನೀವು ಮಜ್ಜಿಗೆ ಅಂತ ಕೇಳಿಸಿಕೊಳ್ಳಿ.

ಈಚಲೂರು ಅಂತ ಒಂದು ರಾಜ್ಯ. ಅಲ್ಲಿ ಚೌಡಕ್ಕ ಅನ್ನುವವಳು ಹೆಂಡದಂಗಡಿ ಇಟ್ಟಿದ್ದಳು. ಊರಿನ ಅಷ್ಟೂ ಈಚಲ ಮರಗಳ ಹೆಂಡ ಒಂದೇ ಬಾನಿಗೆ ಬೀಳುತ್ತಿತ್ತು. ದುಗ್ಗಾಣಿಗೆ ಒಂದು ಕುಡಿಕೆ. ಕಲ್ಲು ಒಡೆಯುವವರು ಬರುತ್ತಿದ್ದರು, ಗಾಡಿ ಹೊಡೆಯುವವರು ಬರುತ್ತಿದ್ದರು, ಬಟ್ಟೆ ಒಗೆಯುವವರು ಬರುತ್ತಿದ್ದರು. ಕುಡಿದು, ಬಾಯಿ ಒರೆಸಿಕೊಂಡು, "ನಿನ್ನ ಹೊಟ್ಟೆ ತಣ್ಣಗಿರಲಿ ಕಣಕ್ಕ" ಅಂದು ಹೋಗುತ್ತಿದ್ದರು.

ರಾಜನಿಗೊಬ್ಬ ಭಾವಮೈದ, ಮಕರಂದರಾಯ. ಕೆಲಸ ಅಂತ ಏನೂ ಇಲ್ಲ, ನಾಲಿಗೆ ಮಾತ್ರ ಉದ್ದ. ಒಂದೇ ಮರದ್ದು, ಅದೂ ಮೂಡಲ ಮುಖಕ್ಕೆ ಕೆತ್ತಿದ್ದು ಆದರೆ ಮಾತ್ರ ಹೆಂಡ ಮುಟ್ಟುತ್ತಿದ್ದ. ಮೊದಲು ಮೂಸುವುದು, ಆಮೇಲೆ ಕುಲುಕುವುದು, ಆಮೇಲೆ ಕಣ್ಣು ಮುಚ್ಚುವುದು. ಒಂದು ದಿನ ರಾಜನ ಕಿವಿಯೂದಿದ.

"ಭಾವ, ಆ ಬೆರಕೆ ಹೆಂಡದಿಂದ ರಾಜ್ಯದ ಮರ್ಯಾದೆ ಹೋಗ್ತಿದೆ. ಬಾನಿ ಒಡೆಸಿಬಿಡಿ."

ರಾಜನದೋ ಹಿತ್ತಾಳೆ ಕಿವಿ. ಚೌಡಕ್ಕನನ್ನು ಕರೆಸಿದ. ಬಾನಿ ಒಡೆದರೆ ಅವಳ ಒಲೆ ಆರುತ್ತದೆ, ಊರಿನ ಗಂಟಲು ಒಣಗುತ್ತದೆ. ಅವಳು ಕೈ ಮುಗಿದಳು.

"ಮೂರು ದಿನ ಕೊಡಿ ಬುದ್ಧಿ. ಈ ರಾಯರ ಬಾಯಿಂದಲೇ 'ಹೊಟ್ಟೆ ತಣ್ಣಗಿರಲಿ' ಅನ್ನಿಸ್ತೀನಿ. ಆಗದಿದ್ರೆ ಬಾನಿ ನಾನೇ ಒಡೀತೀನಿ."

ಮೊದಲನೆಯ ದಿನ ಮಣ್ಣಿನ ಕುಡಿಕೆಯಲ್ಲಿ ಕೊಟ್ಟಳು. ರಾಯ ಮೂಸಿ, "ಥೂ, ಬೆರಕೆ" ಅಂದ. ಎರಡನೆಯ ದಿನ ಬೆಳ್ಳಿ ಬಟ್ಟಲಲ್ಲಿ ಕೊಟ್ಟಳು. "ಬಟ್ಟಲಿಗೇ ಅವಮಾನ" ಅಂದ. ಮೂರನೆಯ ದಿನ ಏನನ್ನೂ ಕೊಡಲಿಲ್ಲ.

"ನಿಮ್ಮ ನಾಲಿಗೆಗೆ ನಮ್ಮದು ಯಾವ ಲೆಕ್ಕ ರಾಯರೇ? ಗುಡ್ಡದಾಚೆ ಒಂದು ಒಂಟಿ ಈಚಲ ಮರ ಇದೆ. ಅದರ ಹೆಂಡ ಈ ರಾಜ್ಯದಲ್ಲಿ ಒಬ್ಬರೂ ಕುಡಿದಿಲ್ಲ."

ಒಬ್ಬರೂ ಕುಡಿದಿಲ್ಲ ಅಂದದ್ದೇ ಸಾಕಾಯಿತು. ಆಳನ್ನು ಕಳಿಸಿದರೆ ಅವನೇ ಮೊದಲು ಕುಡಿದುಬಿಟ್ಟಾನು ಅಂತ ರಾಯ ತಾನೇ ಹೊರಟ. ಚೈತ್ರದ ಬಿಸಿಲು. ಗುಡ್ಡ ಹತ್ತಿದ, ಗುಡ್ಡ ಇಳಿದ, ಮರ ಕಂಡ. ಸಿಡಿಲು ಹೊಡೆದು ಯಾವ ಕಾಲಕ್ಕೋ ಒಣಗಿ ನಿಂತ ಮರ. ಚೌಡಕ್ಕ ಸುಳ್ಳೇನೂ ಹೇಳಿರಲಿಲ್ಲ.

ತೂರಾಡುತ್ತಾ ವಾಪಸು ಬಂದ. ಅಂಗಡಿ ಮುಂದೆ ರಾಜನೂ ಕೂತಿದ್ದ, ಊರೂ ಕೂತಿತ್ತು. ಚೌಡಕ್ಕ ಅದೇ ಬಾನಿಯಿಂದ ಕುಡಿಕೆ ತುಂಬಿ ಕೊಟ್ಟಳು. ರಾಯ ಮೂಸಲಿಲ್ಲ, ಕುಲುಕಲಿಲ್ಲ, ಕಣ್ಣು ಮುಚ್ಚಲಿಲ್ಲ. ಗಟಗಟ ಕುಡಿದ. ಇನ್ನೊಂದು ಕುಡಿದ. ಮತ್ತೊಂದು ಕುಡಿದ. ಪಾಪ, ಕಣ್ಣಲ್ಲಿ ನೀರೇ ಬಂತು.

"ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ."

ಊರೆಲ್ಲ ಗೊಳ್ಳೆಂದು ನಕ್ಕಿತು. ರಾಯ ನಾಲಿಗೆ ಕಚ್ಚಿಕೊಂಡ. "ಭಾವ, ಅದು ಬಾಯಾರಿಕೆಗೆ ಅಂದದ್ದು, ರುಚಿಗಲ್ಲ."

ಚೌಡಕ್ಕ ಅಂದಳು: "ಬಾಯಾರದವರಿಗೆ ಅಂತ ನಾನು ಅಂಗಡಿ ಇಟ್ಟಿಲ್ಲ ಬುದ್ಧಿ."

ರಾಜ ತಲೆ ತಗ್ಗಿಸಿದ. ತಾನೂ ಒಂದು ಕುಡಿಕೆ ಈಸಿಕೊಂಡು ಕುಡಿದ. ಬಾನಿ ಉಳಿಯಿತು. ಭಾವಮೈದನನ್ನು ಮಳೆಗಾಲ ಬರುವ ತನಕ ಕಲ್ಲು ಒಡೆಯುವವರ ಜೊತೆ ಕೆಲಸಕ್ಕೆ ಹಾಕಿದರು. ಸಂಜೆಯಾದರೆ ಎಲ್ಲರಿಗಿಂತ ಮುಂಚೆ ಅಂಗಡಿ ಸೇರುತ್ತಿದ್ದವನು ಅವನೇ.

ತಿಳಿಯಿತೇ? ಎಲ್ಲರ ಕೈಗೆ ಎಟುಕುವುದು ಕೀಳಲ್ಲ. ದಣಿದು ಬಂದ ದಿನ ಗಂಟಲು ತಣಿಸಿದವರ ಋಣ ದೊಡ್ಡದು. ರುಚಿಯ ಮಾತು ಆಮೇಲೆ, ಮೊದಲು ಕೈ ಮುಗಿಯಿರಿ.