ಧೂಳಿನ ಗದ್ದುಗೆ

ನಾಡಕಚೇರಿಯ ಹಳೆಯ ಕಂಪ್ಯೂಟರಿನೊಳಗೆ ಪ್ರೊಸೆಸರ್ ಕಾದು ಕೆಂಡವಾಗಿತ್ತು. ಕಿಟಕಿಯಾಚೆ ಹೊನ್ನವ್ವ ವಿಧವಾ ಪಿಂಚಣಿಯ ಅರ್ಜಿ ಕೊಟ್ಟು ನಿಂತಿದ್ದಳು. ಅಂದೇ ಕಡೆಯ ದಿನ.

ವೇಗ ನಿಯಂತ್ರಿಸುವ ಸಾಫ್ಟ್‌ವೇರ್ ಆಜ್ಞೆ ಹೊರಡಿಸಿತು: "ಪ್ರೊಸೆಸರೇ, ಬಿಸಿ ಇಳಿಯಬೇಕು. ಇನ್ನು ಅರ್ಧ ವೇಗದಲ್ಲಿ ಕೆಲಸ ಮಾಡು."

"ಸ್ವಾಮಿ, ಫ್ಯಾನಿನ ಕತ್ತು ಹಿಸುಕಿ ಕೂತಿರುವ ಆ ಧೂಳನ್ನು ಮೊದಲು ಎಬ್ಬಿಸಿ. ಆಕೆಯ ಅರ್ಜಿಯನ್ನು ಗಳಿಗೆಯಲ್ಲಿ ಮುಗಿಸುತ್ತೇನೆ."

"ಎಂಟು ವರ್ಷದಿಂದ ಕೂತಿದ್ದೇನೆ. ಎಬ್ಬಿಸುವ ಗಂಡು ಯಾವನಿದ್ದಾನೆ?" ಎಂದು ಧೂಳು ಆಕಳಿಸಿತು.

ಸಾಫ್ಟ್‌ವೇರ್ ದನಿ ತಗ್ಗಿಸಿತು: "ಅದು ನನ್ನ ಮಾತು ಕೇಳುವುದಿಲ್ಲ ಕಣಯ್ಯಾ. ನೀನು ಕೇಳುತ್ತೀಯ."

ಪ್ರೊಸೆಸರಿನ ವೇಗ ಅರ್ಧವಾಯಿತು. ಅರ್ಜಿ ಮುಗಿಯುವ ಮೊದಲೇ ಕಚೇರಿಯ ಹೊತ್ತು ಮುಗಿಯಿತು. ಗುಮಾಸ್ತ ಮೈಲಾರಪ್ಪ ಕಿಟಕಿ ಮುಚ್ಚುತ್ತಾ ಹೊನ್ನವ್ವನಿಗೆ ಹೇಳಿದ: "ನಾವೇನು ಮಾಡೋಣಮ್ಮ, ಈ ಪ್ರೊಸೆಸರ್ರೇ ಮೈಗಳ್ಳ."