ಸಿಗಡಿ ಸಾಕಿದವನ ಸಿಟ್ಟು

ಶಿಷ್ಯ ನಿಜಗುಣ ಕೇಳಿದ: "ಗುರುಗಳೇ, ಶತ್ರುವನ್ನು ಪೂರ್ತಿ ಇಲ್ಲವಾಗಿಸದೆ ನೆಮ್ಮದಿಯಿಂದ ಇರಲು ಸಾಧ್ಯವೇ?"

ಗುರುಗಳು ಹೇಳಿದರು:

ಹಿನ್ನೀರಿನ ದಡದಲ್ಲಿ ಒಬ್ಬ ಸಿಗಡಿ ಕೃಷಿಕನಿದ್ದ. ಅವನಿಗಿದ್ದದ್ದು ಒಂದೇ ಕೊಳ. ಸತತ ಎರಡು ವರ್ಷ ಸಿಗಡಿಗಳೆಲ್ಲ ರೋಗ ಬಂದು ಸತ್ತವು. ಮೂರನೆಯ ವರ್ಷವೂ ಒಂದೊಂದಾಗಿ ತೇಲತೊಡಗಿದಾಗ, ಮೀನುಗಾರಿಕೆ ಓದಿದ ಒಬ್ಬ ಹೆಂಗಸನ್ನು ಕರೆಸಿದ. ಅವಳು ನೀರನ್ನು ಪರೀಕ್ಷಿಸಿ, ಇದು ಬ್ಯಾಕ್ಟೀರಿಯಾದ ಕೆಲಸ ಎಂದಳು. ಕೆಲವು ದಿನಗಳ ನಂತರ ಕಂದು ಬಣ್ಣದ ದ್ರವ ತಂದಳು. ಹಿನ್ನೀರಿನ ಉಪ್ಪು ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಎಲೆಯ ಕಷಾಯಕ್ಕೆ ಬೆಳ್ಳಿಯ ಲವಣ ಬೆರೆಸಿ ಅವಳೇ ಮಾಡಿದ್ದು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳಿದ್ದವು.

"ಇದರಿಂದ ಎಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ, ಮೇಡಂ?"

"ಒಂದೂ ಸಾಯುವುದಿಲ್ಲ, ಯಜಮಾನರೇ. ಅವುಗಳ ಮಾತುಕತೆ ನಿಲ್ಲುತ್ತದೆ, ಅಷ್ಟೆ."

"ನನ್ನ ಸಿಗಡಿ ಕೊಂದದ್ದು ಸಾಲದೆಂದು ಮಾತುಕತೆ ಬೇರೆಯೇ!" ಎಂದು ಅವನು ಕೆರಳಿದ.

ಅವಳು ವಿವರಿಸಿದಳು. ಪ್ರತಿ ಬ್ಯಾಕ್ಟೀರಿಯಾವೂ ನೀರಿಗೆ ಒಂದಿಷ್ಟು ರಾಸಾಯನಿಕ ಬಿಟ್ಟು ತಾನಿದ್ದೇನೆಂದು ತಿಳಿಸುತ್ತದೆ. ಅದು ನೀರಿನಲ್ಲಿ ದಟ್ಟವಾದಾಗ, ತಾವು ಬಹಳ ಮಂದಿ ಇದ್ದೇವೆಂದು ಅವಕ್ಕೆ ಗೊತ್ತಾಗುತ್ತದೆ. ಆಗ ಎಲ್ಲವೂ ಒಟ್ಟಿಗೆ ವಿಷ ಕಾರುತ್ತವೆ. ಬೆಳ್ಳಿಯ ಕಣಗಳು ಆ ಸುದ್ದಿಯನ್ನು ಮುಟ್ಟಗೊಡುವುದಿಲ್ಲ. ಒಂದೊಂದೂ ತಾನು ಒಂಟಿ ಎಂದುಕೊಂಡು ತೆಪ್ಪಗಿರುತ್ತದೆ.

ಅವನು ಅರೆಮನಸ್ಸಿನಿಂದ ಒಪ್ಪಿದ. ಹತ್ತು ದಿನದಲ್ಲಿ ಸಾವು ನಿಂತಿತು. ತಿಂಗಳಲ್ಲಿ ಸಿಗಡಿಗಳು ಹೆಬ್ಬೆರಳಿನಷ್ಟು ದಪ್ಪವಾದವು. ಅವಳು ನೋಡಲು ಬಂದಾಗ ಅವನು ದಂಡೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ.

"ಸಿಗಡಿ ಚೆನ್ನಾಗಿವೆಯಲ್ಲ, ಯಜಮಾನರೇ?"

"ಚೆನ್ನಾಗಿವೆ. ಆದರೆ ಅವೂ ಚೆನ್ನಾಗಿವೆಯಲ್ಲ, ಮೇಡಂ! ನನ್ನ ಕೊಳದಲ್ಲೇ ಆರಾಮಾಗಿವೆ. ನೆನೆಸಿಕೊಂಡರೆ ಅನ್ನ ಸೇರುವುದಿಲ್ಲ. ಬ್ಲೀಚಿಂಗ್ ಪೌಡರ್ ಸುರಿದುಬಿಡುತ್ತೇನೆ."

"ಸಿಗಡಿ ಯಾವುದು, ಬ್ಯಾಕ್ಟೀರಿಯಾ ಯಾವುದು ಎಂದು ಆ ಪುಡಿಗೆ ಗೊತ್ತಾಗುವುದಿಲ್ಲ. ಇನ್ನು ಹದಿನೈದು ದಿನಕ್ಕೆ ಬಲೆ ಹಾಕಬಹುದು. ಸುಮ್ಮನಿರಿ."

ಮೂರು ದಿನ ಅವನು ಸುಮ್ಮನಿದ್ದ. ನಾಲ್ಕನೆಯ ದಿನ, ನೀರೊಳಗೆ ಅವೆಲ್ಲ ತನ್ನನ್ನು ನೋಡಿ ನಗುತ್ತಿವೆ ಎನ್ನಿಸಿತು. ಆರು ಮೂಟೆ ಪುಡಿ ತಂದು ಕೊಳಕ್ಕೆ ಸುರಿದ. ಕೆಮ್ಮುತ್ತಲೇ ದಂಡೆಯ ಮೇಲೆ ನಿಂತು, "ಈಗ ಏನನ್ನುತ್ತೀರಿ?" ಎಂದು ನೀರನ್ನು ಕೇಳಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ನಿಜಗುಣ ಆತುರದಿಂದ ಮುಂದಕ್ಕೆ ಬಾಗಿದ. "ಬ್ಯಾಕ್ಟೀರಿಯಾಗಳೆಲ್ಲ ಸತ್ತವೇ, ಗುರುಗಳೇ?"

"ಸಿಗಡಿಗಳು ಏನಾದವೆಂದು ಕೇಳುತ್ತೀಯೇನೋ ಎಂದು ಕಾದಿದ್ದೆ" ಎಂದರು ಗುರುಗಳು.